ಪೇತ್ರನ ದೋಣಿಯ ಭಾರ



ಸಂತ ಲೂಕನ ಶುಭಸಂದೇಶದ ಐದನೆಯ ಅಧ್ಯಾಯವನ್ನು ಬಲಿಪೂಜೆಯಲ್ಲಿ ಎಷ್ಟೋ ಸಲ ಆಲಿಸಿದ್ದೇವೆ. ರಾತ್ರಿಯೆಲ್ಲ ದುಡಿದರೂ ಏನೂ ಸಿಗದಿದ್ದ ಪೇತ್ರ, ಯೇಸುಸ್ವಾಮಿಯ ಮಾತಿನಂತೆ ಮತ್ತೆ ಬಲೆ ಬೀಸಿದ. ಮೀನು ಸಿಕ್ಕಿದ್ದು ನಮಗೆ ನೆನಪಿರುತ್ತದೆ, ಮುಂದಿನದು ಮರೆತುಹೋಗುತ್ತದೆ. ಒಂದು ದೋಣಿ ಸಾಲದೆ ಜೊತೆಗಾರರನ್ನು ಕರೆದರು. ಎರಡೂ ದೋಣಿಗಳು ತುಂಬಿ ಮುಳುಗುವ ಹಾಗಾದವು. ಪವಾಡದ ಮೀನಿಗೂ ಭಾರವಿತ್ತು!

ಮೋರಖಂಡಿಯಂಥ ಬಯಲುಸೀಮೆಯ ಊರಿಗೆ ದೋಣಿಯ ಮಾತೇಕೆ ಎನ್ನುವಿರೇನೋ. ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಟಂಟಂ ಗೊತ್ತು, ದೋಣಿ ಅಷ್ಟಾಗಿ ಗೊತ್ತಿಲ್ಲ. ಅಪಾಯವಿರುವುದು ಅಲ್ಲೇ. “ಸ್ವಲ್ಪ ಸರೀರಿ, ಇನ್ನೊಬ್ರು ಕೂಡ್ತಾರ” ಎಂಬ ಅಭ್ಯಾಸವನ್ನೇ ಪ್ರವಾಸಕ್ಕೋ ಯಾತ್ರೆಗೋ ಹೋದಾಗ ದೋಣಿಗೂ ಒಯ್ಯುತ್ತೇವೆ. ಟಂಟಂನ ಭಾರವನ್ನು ನೆಲ ಹೊರುತ್ತದೆ. ದೋಣಿಯ ಕೆಳಗೆ ನೆಲವಿಲ್ಲ.

ತನ್ನ ಹಾಗೂ ತನ್ನೊಳಗಿನವರ ಒಟ್ಟು ತೂಕದಷ್ಟು ನೀರನ್ನು ಸರಿಸಿಯೇ ದೋಣಿ ತೇಲುತ್ತದೆ. ನೀರಿನ ಮೇಲೆ ಸುಮಾರು 3 ಚದರ ಮೀಟರ್ ಜಾಗ ಹಿಡಿಯುವ ಸಣ್ಣ ಹುಟ್ಟುದೋಣಿ 30 ಕಿಲೋ ಭಾರಕ್ಕೆ 1 ಸೆಂಟಿಮೀಟರ್ ಇಳಿಯುತ್ತದೆ. 60 ಕಿಲೋ ತೂಕದ ಐವರು ಹೆಚ್ಚಾಗಿ ಹತ್ತಿದರೆ 10 ಸೆಂಟಿಮೀಟರ್. ನೀರು ಶಾಂತವಾಗಿದ್ದಾಗ ಇದು ಕಣ್ಣಿಗೆ ಬೀಳುವುದಿಲ್ಲ. ಗಾಳಿ ಎದ್ದು ಒಂದು ಅಲೆ ಅಂಚು ದಾಟಿತೆಂದರೆ ಒಳಬಂದ ನೀರೂ ಭಾರವೇ. ದೋಣಿ ವಾಲಿದ ಕಡೆಗೇ ಅದು ಹರಿದು ಇನ್ನಷ್ಟು ವಾಲಿಸುತ್ತದೆ. ಆಗ ಯಾರಾದರೂ ಗಾಬರಿಯಿಂದ ಎದ್ದು ನಿಂತರೆ ಮುಗಿಯಿತು.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯ ದಿನ ದೋಣಿ ಮಗುಚಿ 16 ಜನ ತೀರಿಕೊಂಡರು. ಅದು ಎಂಜಿನ್ ದೋಣಿ. ಆದರೆ ನೀರಿನ ಲೆಕ್ಕ ಹುಟ್ಟುದೋಣಿಗೂ ಅದೇ. ಭಕ್ತಿಯಿಂದ ಹೋದವರ ತೂಕವೂ ತೂಕವೇ. ಕೇರಳದ ತಟ್ಟೇಕ್ಕಾಡಿನಲ್ಲಿ 2007ರ ಫೆಬ್ರವರಿ 20ರಂದು ಮಿತಿಮೀರಿ ತುಂಬಿದ್ದ ದೋಣಿ ಮುಳುಗಿ, ಶಾಲಾ ಪ್ರವಾಸಕ್ಕೆ ಬಂದಿದ್ದ 15 ಮಕ್ಕಳು, 3 ಶಿಕ್ಷಕರು ಸತ್ತರು. ಇಂಥದ್ದನ್ನು ದೈವಚಿತ್ತವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಗಂಭೀರ ಕಾರಣವಿಲ್ಲದೆ ಇನ್ನೊಬ್ಬರನ್ನು ಪ್ರಾಣಾಪಾಯಕ್ಕೆ ಒಡ್ಡುವುದನ್ನು ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥ ಐದನೆಯ ಆಜ್ಞೆಯ ಕೆಳಗೇ ನಿಷೇಧಿಸಿದೆ. ‘ಕೊಲ್ಲಬೇಡ’ ಎಂಬುದು ದೋಣಿಗಟ್ಟೆಗೂ ಅನ್ವಯಿಸುತ್ತದೆ.

ಸಂತ ಯೊವಾನ್ನನ ಶುಭಸಂದೇಶದ ಕೊನೆಯಲ್ಲಿ ಇನ್ನೊಂದು ಮೀನುಬೇಟೆಯಿದೆ, 153 ದೊಡ್ಡ ಮೀನುಗಳದ್ದು. ಈ ಸಲ ಶಿಷ್ಯರು ಮೀನನ್ನು ದೋಣಿಗೆ ಸುರಿಯಲಿಲ್ಲ. ಬಲೆಯನ್ನು ನೀರಿನಲ್ಲೇ ಎಳೆಯುತ್ತ ದಡ ಸೇರಿದರು. ಅವರಿಗೆ ಹಳೆಯದು ನೆನಪಿತ್ತೆಂದು ನನ್ನ ಊಹೆ.

ಆದ್ದರಿಂದ ಮನೆಯ ಹಿರಿಯರೇ, ಎಷ್ಟು ಜನರ ದೋಣಿಯೆಂದು ಕೇಳಿಯೇ ಹತ್ತಿರಿ. ಅಂಚು ನೀರಿಗೆ ತೀರ ಹತ್ತಿರವಿದ್ದರೆ ಮೊದಲು ನೀವೇ ಇಳಿಯಿರಿ. ನೀವು ಇಳಿದರೆ ಮಕ್ಕಳಿಗೆ ಇಳಿಯಲು ನಾಚಿಕೆಯಾಗದು. ಚೀಲಗಳು ನಡುವೆ, ತಳದಲ್ಲಿರಲಿ. ಜೀವರಕ್ಷಕ ಜಾಕೆಟ್ ಆಸನದ ಕೆಳಗಲ್ಲ, ಮೈಮೇಲೆ, ಪಟ್ಟಿ ಬಿಗಿದು. ಫೋಟೋಗೆಂದು ಎಲ್ಲರೂ ಒಂದೇ ಬದಿಗೆ ಸರಿಯಬೇಡಿ. ದೋಣಿ ಮಗುಚಿದರೂ ತೇಲುತ್ತಿದ್ದರೆ ಅದನ್ನೇ ಹಿಡಿದುಕೊಂಡಿರಬೇಕು. ದಡ ಹತ್ತಿರವೆಂದು ಈಜಲು ಹೋಗಬಾರದು. ಇದನ್ನು ಮಕ್ಕಳಿಗೆ ದಡದಲ್ಲಿರುವಾಗಲೇ ಹೇಳಿಬಿಡಿ.