ಅಭಾವದ ಅರಿವು ಮತ್ತು ತಕಾಕಿಯಾ ಎಂಬ ಸಸ್ಯ

ಒಂದು ವಸ್ತು ಒಂದೆಡೆ ಇಲ್ಲವೆಂಬುದು ಯಾವ ಪ್ರಮಾಣದಿಂದ, ಎಂದರೆ ಅರಿವಿನ ಯಾವ ಸಾಧನದಿಂದ, ತಿಳಿಯುತ್ತದೆ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಶತಮಾನಗಳ ಕಾಲ ಚರ್ಚಿಸಿವೆ. ಕುಮಾರಿಲ ಭಟ್ಟನ ಮತದ ಮೀಮಾಂಸಕರೂ ಅದ್ವೈತಿಗಳೂ ಇದಕ್ಕಾಗಿ ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಆರನೆಯ ಪ್ರಮಾಣವನ್ನೇ ಒಪ್ಪಿದರೆ, ಮೂರೇ ಪ್ರಮಾಣಗಳನ್ನು ಹೇಳುವ ದ್ವೈತಿಗಳು ಅದನ್ನು ಬೇರೆಯಾಗಿ ಎಣಿಸಲಿಲ್ಲ. ಆದರೆ ಈ ಮತಭೇದಕ್ಕಿಂತ ಮುಖ್ಯವಾದವು ಆ ಚರ್ಚೆಯಲ್ಲಿ ರೂಪುಗೊಂಡ ಎರಡು ನಿಬಂಧನೆಗಳು. ನೆಲದ ಮೇಲೆ ಗಡಿಗೆ ಇಲ್ಲವೆನ್ನಬೇಕಾದರೆ, ಇದ್ದಿದ್ದರೆ ಅದು ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆ ಇರಬೇಕು. ಕತ್ತಲೆಯಲ್ಲಿ ಕಾಣದ ಗಡಿಗೆಯನ್ನು ಇಲ್ಲವೆನ್ನಲಾಗದು. ಎರಡನೆಯದಾಗಿ, ಯಾವುದರ ಅಭಾವವನ್ನು ಹೇಳಲಾಗುತ್ತದೆಯೋ ಆ ವಸ್ತುವಿನ, ಶಾಸ್ತ್ರದ ಮಾತಿನಲ್ಲಿ ‘ಪ್ರತಿಯೋಗಿ’ಯ, ಅರಿವು ಮೊದಲೇ ಇರಬೇಕು.

ಈ ಎರಡನೆಯ ನಿಬಂಧನೆ ಎಷ್ಟು ಆಳವಾದುದೆಂಬುದು ಅಪರೂಪದ ಸಣ್ಣ ಸಸ್ಯವೊಂದು ಹೊಸ ಸೀಮೆಯಲ್ಲಿ ದೊರೆತಾಗ ಮನವರಿಕೆಯಾಗುತ್ತದೆ. ಲಿವರ್‌ವರ್ಟ್ ಎಂಬುದು ನಿಜವಾದ ಬೇರಿಲ್ಲದ, ಹೂ ಬಿಡದ ಹಾವಸೆ ಸಸ್ಯಗಳ ಒಂದು ಗುಂಪು. 20ನೆಯ ಶತಮಾನದ ನಡುಭಾಗದಲ್ಲಿ ನೊರಿವೊ ತಕಾಕಿ ಜಪಾನಿನ ಬೆಟ್ಟಗಳಲ್ಲಿ ಕಂಡ ಒಂದು ಪುಟ್ಟ ಗಿಡಕ್ಕೆ ನೆಲವನ್ನು ಹಿಡಿಯುವ ಎಳೆಗಳೂ ಇರಲಿಲ್ಲ. ಅದರ ಎಲೆಗಳು ಚಪ್ಪಟೆಯಾಗಿರದೆ ದುಂಡನೆಯ ಕವಲುಗಳಾಗಿ ಸೀಳಿದ್ದವು. 1958ರಲ್ಲಿ ಹತ್ತೊರಿ ಮತ್ತು ಇನೌಯೆ ಅದಕ್ಕೆ ತಕಾಕಿಯಾ ಎಂಬ ಹೊಸ ಕುಲವನ್ನೇ ಕಲ್ಪಿಸಿ ಲಿವರ್‌ವರ್ಟ್‌ಗಳ ಸಾಲಿಗೆ ಸೇರಿಸಿದರು. ಆ ಬಳಿಕ, ಹಿಮಾಲಯದಿಂದ ಬಂದಿದ್ದ, 1861ರಲ್ಲಿ ವಿಲಿಯಂ ಮಿಟನ್ ಬೇರೊಂದು ಕುಲದ ಹೆಸರಿನಲ್ಲಿ ವರ್ಣಿಸಿದ್ದ ಗಿಡವೂ ತಕಾಕಿಯಾವೇ ಎಂದು 1963ರಲ್ಲಿ ಗ್ರೋಲೆ ಗುರುತಿಸಿದನು. ಗಿಡ ಕಣ್ಣಿಗೆ ಬಿದ್ದಿತ್ತು, ವರ್ಣನೆಯೂ ಅಚ್ಚಾಗಿತ್ತು. ಆದರೂ ಪ್ರತಿಯೋಗಿಯ ಅರಿವು ಇನ್ನೂ ಹುಟ್ಟಿರದ ಕಾರಣ, ಹಿಮಾಲಯದಲ್ಲಿ ತಕಾಕಿಯಾ ಉಂಟೆಂದಾಗಲಿ ಇಲ್ಲವೆಂದಾಗಲಿ ಆ ನೂರು ವರ್ಷ ಯಾರಿಗೂ ತಿಳಿಯುವಂತಿರಲಿಲ್ಲ. ಹೊಸ ಸೀಮೆಯಲ್ಲಿ ಸಸ್ಯ ದೊರೆತಾಗ ಹಿಂದಿನ ‘ಇಲ್ಲ’ ಸುಳ್ಳಾಯಿತೆಂದು ಹೇಳುವುದು ವಾಡಿಕೆ. ಇಲ್ಲಿಯಾದರೋ ಸುಳ್ಳಾಗಲು ‘ಇಲ್ಲ’ ಎಂಬ ಜ್ಞಾನವೇ ಇರಲಿಲ್ಲ.

ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಮೊದಲನೆಯ ನಿಬಂಧನೆಯನ್ನೂ ಇದೇ ಗಿಡ ಪರೀಕ್ಷೆಗೆ ಒಡ್ಡಿತು. ಧೂಳಿನಷ್ಟು ಸಣ್ಣ ಬೀಜಕಗಳನ್ನು ಹೊರುವ ಸಂಪುಟವು ತಕಾಕಿಯಾದಲ್ಲಿ ದಶಕಗಳ ಕಾಲ ಯಾರಿಗೂ ಕಂಡಿರಲಿಲ್ಲ. ಹಿಮಾಲಯದ ಆ ಪ್ರಭೇದದಲ್ಲೇ ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳಲ್ಲಿ ಅದು ದೊರೆತ ಸಂಗತಿ 1993ರಲ್ಲಿ ಪ್ರಕಟವಾಯಿತು. ಲಿವರ್‌ವರ್ಟ್‌ಗಳಲ್ಲಿ ಬೇಗನೆ ಬಾಡುವ ಮೆತ್ತನೆಯ ತೊಟ್ಟಿನ ಬದಲು ಗಟ್ಟಿ ತೊಟ್ಟಿನ ಮೇಲೆ ನಿಂತು, ಸುರುಳಿ ಸೀಳಿನಲ್ಲಿ ಬಿರಿಯುವ ಆ ಸಂಪುಟವನ್ನು ಕಂಡ ಮೇಲೆ ತಕಾಕಿಯಾ ಲಿವರ್‌ವರ್ಟ್ ಅಲ್ಲವೆಂದೂ ಮಾಸ್ ಎಂಬ ಇನ್ನೊಂದು ಗುಂಪಿಗೆ ಸೇರಿದುದೆಂದೂ ಸಿದ್ಧವಾಯಿತು.

ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಮತದಲ್ಲಿ, ಕಾಣಲು ಯೋಗ್ಯವಲ್ಲದ್ದು ಕಾಣದಿದ್ದಾಗ ಉಳಿಯುವುದು ಸಂಶಯವೇ ಹೊರತು ನಿಷೇಧದ ನಿಶ್ಚಯವಲ್ಲ. ಸಸ್ಯಗಳ ಪ್ರಾದೇಶಿಕ ಪಟ್ಟಿಗಳನ್ನು ಓದಲು ಇದಕ್ಕಿಂತ ಪ್ರಾಮಾಣಿಕವಾದ ನಿಯಮ ಸಿಗುವುದು ಕಷ್ಟ. ಪಟ್ಟಿಯಲ್ಲಿ ಹೆಸರಿಲ್ಲದ ಗಿಡದ ಬಗ್ಗೆ ಕೇಳಬೇಕಾದುದು, ಅದನ್ನು ಯಾವ ಋತುವಿನಲ್ಲಿ, ಯಾವ ಒಸರುಬಂಡೆಗಳ ಬಳಿ, ಯಾವ ಮಸೂರದಿಂದ, ಅದರ ಯಾವ ಲಕ್ಷಣವನ್ನು ಬಲ್ಲವರು ಹುಡುಕಿದರು ಎಂಬುದನ್ನು.