ಕೊನೆಯ ಐದು ನಿಮಿಷ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶುಕ್ರವಾರ ರಾತ್ರಿ ನಮ್ಮ ಮನೆಯಲ್ಲಿ ಊಟ ಬೇಗ ಮುಗಿಯುತ್ತಿತ್ತು. ಸೋನಿ ಚಾನೆಲ್ಲಿನಲ್ಲಿ ‘ಸಿಐಡಿ’ ಬರುತ್ತಿತ್ತು. ಹಿಂದಿ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಎಸಿಪಿ ಪ್ರದ್ಯುಮನ್ ಗಾಳಿಯಲ್ಲಿ ಬೆರಳು ತಿರುಗಿಸುವುದಕ್ಕೂ ದಯಾ ಬಾಗಿಲು ಮುರಿಯುವುದಕ್ಕೂ ಭಾಷೆಯ ಹಂಗೇನು? ದಯಾ ಪಾತ್ರದ ದಯಾನಂದ ಶೆಟ್ಟಿ ತುಳುನಾಡಿನ ಮೂಲದವರೆಂದು ತಿಳಿದ ಮೇಲಂತೂ ಅವರು ನಮ್ಮವರೇ ಆಗಿಬಿಟ್ಟರು.

1998ರಲ್ಲಿ ಶುರುವಾದ ಆ ಧಾರಾವಾಹಿ 2018ರವರೆಗೆ ನಡೆಯಿತು. ಕಥೆಯ ಅಚ್ಚು ಮಾತ್ರ ಹೆಚ್ಚು ಬದಲಾಗಲಿಲ್ಲ. ಒಂದು ಹೆಣ, ಡಾಕ್ಟರ್ ಸಾಳುಂಖೆಯ ಲ್ಯಾಬು, ಮೂರ್ನಾಲ್ಕು ಜನರ ಮೇಲೆ ಅನುಮಾನ, ಕೊನೆಗೆ ಕಪಾಳಕ್ಕೊಂದು ಏಟು, ತಪ್ಪೊಪ್ಪಿಗೆ, ಗಲ್ಲಿನ ಮಾತು. ಯಾವುದನ್ನೂ ಕಂಡ ಹಾಗೇ ನಂಬಬಾರದು, ಸಣ್ಣ ಗುರುತನ್ನೂ ಬಿಡಬಾರದು ಎಂಬುದನ್ನು ನಾನು ಅಲ್ಲಿ ಕಲಿತೆ. ಅದರ ಜೊತೆಗೆ, ಸತ್ಯ ಹೊರಗೆ ಬರಲು ಏಟು ಬೇಕು ಎಂಬುದನ್ನೂ ಕಲಿತೆ.

ಆ ವರ್ಷ ಕ್ಲಾಸಿನಲ್ಲಿ ಪ್ರವಾಸಕ್ಕೆ ಕೂಡಿಸಿದ್ದ ದುಡ್ಡಿನಲ್ಲಿ 200 ರೂಪಾಯಿ ಕಾಣೆಯಾಯಿತು. ನಾನು ‘ತನಿಖೆ’ಗೆ ಇಳಿದೆ. ಆಟದ ಪೀರಿಯಡ್ಡಿನಲ್ಲಿ ಕ್ಲಾಸಿನೊಳಗೆ ಉಳಿದವರು ಯಾರು? ಪ್ರವಾಸದ ದುಡ್ಡು ಇನ್ನೂ ಕೊಡದವರು ಯಾರು? ಎರಡಕ್ಕೂ ಉತ್ತರ ಒಬ್ಬನೇ ಹುಡುಗ, ನನ್ನ ಪಕ್ಕದ ಬೆಂಚಿನವನು. ಮೇಷ್ಟ್ರಿಗೆ ನನ್ನ ತರ್ಕ ಹಿಡಿಸಿತು. ಎರಡನೇ ಏಟಿಗೆ ಅವನು, “ಹೌದು ಸಾರ್” ಅಂದ. ಮರುದಿನ ಅವನ ಅಮ್ಮ ಬಂದು, ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿ ಕೊಟ್ಟುಹೋದರು. ಆ ದಿನ ಎಲ್ಲರೂ ನನ್ನನ್ನು ಸಿಐಡಿ ಎಂದೇ ಕರೆದರು.

ಹತ್ತು ದಿನದ ಮೇಲೆ ಆ ನೋಟುಗಳು ಕ್ಲಾಸ್ ಲೀಡರನ ನೋಟ್‌ಬುಕ್ಕಿನ ಬೈಂಡಿನೊಳಗೆ ಸಿಕ್ಕವು. ಅವನೇ ಇಟ್ಟು ಮರೆತಿದ್ದ. ದುಡ್ಡು ಅವರ ಮನೆಗೆ ಮರಳಿತು. ಕ್ಲಾಸಿನ ಮುಂದೆ ಮಾತ್ರ ಯಾರೂ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಒಂದು ಸಂಜೆ ಅವನನ್ನೇ ಕೇಳಿದೆ: “ನೀನು ಯಾಕೋ ಒಪ್ಪಿಕೊಂಡೆ?” ಅವನು ನನ್ನ ಕಡೆ ನೋಡದೆ, “ಇಲ್ಲಾಂದ್ರೆ ಇನ್ನೂ ಹೊಡೀತಿದ್ರು” ಅಂದ.

ಆ ಹುಡುಗ ಹೇಳಿದ್ದು ನಮ್ಮ ಕಾನೂನಿಗೆ ಹಳೆಯ ವಿಷಯ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನ ಪ್ರಕಾರ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಈಗಿನ ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ನಾವು ಚಪ್ಪಾಳೆ ತಟ್ಟುತ್ತಿದ್ದ ಆ ಕೊನೆಯ ದೃಶ್ಯಕ್ಕೆ ಕೋರ್ಟಿನಲ್ಲಿ ಬೆಲೆಯೇ ಇಲ್ಲ. ಗಲ್ಲಿನ ಮಾತೂ ಅಷ್ಟೇ. ಅದು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಎಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿತ್ತು.

ಹಾಗಾದರೆ ತಪ್ಪು ಧಾರಾವಾಹಿಯದ್ದೇ? ಹಾಗೆಂದುಬಿಟ್ಟರೆ ನನಗೆ ಅನುಕೂಲ. ಆದರೆ ‘ಸಿಐಡಿ’ಯಲ್ಲಿ ಮೊದಲು ಅನುಮಾನಕ್ಕೆ ಸಿಕ್ಕವನು ಸಾಮಾನ್ಯವಾಗಿ ಕೊಲೆಗಾರನಾಗಿರುತ್ತಿರಲಿಲ್ಲ. ಮುಕ್ಕಾಲು ಗಂಟೆ ಅದು ನಮ್ಮ ಊಹೆಗಳನ್ನು ಒಂದೊಂದಾಗಿ ಸುಳ್ಳು ಮಾಡುತ್ತಿತ್ತು. ಆ ಪಾಠವನ್ನು ಬಿಟ್ಟು ಕೊನೆಯ ಐದು ನಿಮಿಷವನ್ನಷ್ಟೇ ಮನಸ್ಸಿಗೆ ತೆಗೆದುಕೊಂಡವನು ನಾನು. ಅನುಮಾನಪಡುತ್ತ ಕಾಯುವುದು ಕಷ್ಟ, ಗೆಲ್ಲುವುದು ಸುಖ.

ಇನ್ನೂ ಒಂದು ವ್ಯತ್ಯಾಸವಿದೆ. ಅಲ್ಲಿ ಏಟು ಕೊನೆಗೆ ಕೊಲೆಗಾರನಿಗೇ ಬೀಳುತ್ತಿತ್ತು, ಏಕೆಂದರೆ ಕೊಲೆಗಾರ ಯಾರೆಂದು ಕಥೆ ಬರೆದವರಿಗೆ ಮೊದಲೇ ಗೊತ್ತಿತ್ತು. ನಮ್ಮ ಕ್ಲಾಸಿನಲ್ಲಿ ಹಾಗೆ ಬರೆದವರು ಯಾರೂ ಇರಲಿಲ್ಲ. ನಾವು ಇಲ್ಲದ ಕಥೆಯೊಂದನ್ನು ಬರೆದು, ಏಟು ಕೊಟ್ಟು, ಅವನ ಬಾಯಲ್ಲಿ ಅದನ್ನು ಹೇಳಿಸಿದೆವು.

ಈಗಲೂ ಯಾರಾದರೂ ‘ನಾಲ್ಕು ತಟ್ಟಿದರೆ ತಾನೇ ಬಾಯಿಬಿಡ್ತಾನೆ’ ಎಂದರೆ ನನಗೆ ಆ “ಹೌದು ಸಾರ್” ನೆನಪಾಗುತ್ತದೆ. ಬಾಯಿ ಬಿಡುತ್ತಾನೆ, ನಿಜ. ಅವನಿಂದ ನಾನು ಇನ್ನೂ ಕ್ಷಮೆ ಕೇಳಿಲ್ಲ. ನನ್ನ ತಪ್ಪೊಪ್ಪಿಗೆಗೆ ಯಾರ ಏಟೂ ಬೇಕಿರಲಿಲ್ಲ, ಆದರೂ ಇಷ್ಟು ವರ್ಷ ಹಿಡಿಯಿತು.