ಕೊಠಡಿಗಿದ್ದ ನಂಬರು

ವಿಶ್ವವಿದ್ಯಾಲಯಗಳಿಂದ ಈಚೆಗೆ ಹೊರಡುತ್ತಿರುವ ಒಂದು ಸುತ್ತೋಲೆಯ ಧಾಟಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಇಂಥ ತಾರೀಖಿನಿಂದ ಹಳೆಯ ಇಂಟರ್‌ಕಾಂ ಸ್ಥಗಿತಗೊಳ್ಳುತ್ತದೆ, ಸಿಬ್ಬಂದಿ ತಮ್ಮ ಐಡಿ ಮತ್ತು ಪಾಸ್‌ವರ್ಡ್ ಬಳಸಿ ಹೊಸ ಐಪಿ ಫೋನ್ ವ್ಯವಸ್ಥೆಗೆ ಲಾಗಿನ್ ಆಗತಕ್ಕದ್ದು. ಕೆಳಗೆ ಕುಲಸಚಿವರ ಸಹಿ, ಪ್ರತಿ ಎಲ್ಲ ವಿಭಾಗಗಳ ಮುಖ್ಯಸ್ಥರಿಗೆ. ಓದಿದವರು ಪಾಸ್‌ವರ್ಡಿನ ಬಗ್ಗೆ ಗೊಣಗುತ್ತಾರೆ, ಒಂದು ವಾರ ಪರದಾಡುತ್ತಾರೆ, ಆಮೇಲೆ ಮರೆಯುತ್ತಾರೆ. ಆದರೆ ಎರಡು ಸಾಲಿನ ಆ ಆದೇಶದೊಳಗೆ ಸಣ್ಣದಲ್ಲದ ಒಂದು ಬದಲಾವಣೆ ಸೇರಿಕೊಂಡಿರುತ್ತದೆ. ಈವರೆಗೆ ಫೋನ್ ನಂಬರು ಕೊಠಡಿಯದಾಗಿತ್ತು. ಇನ್ನು ಅದು ವ್ಯಕ್ತಿಯದು.

ಹಳೆಯ ವ್ಯವಸ್ಥೆಯನ್ನು ನೋಡಬೇಕಾದರೆ ಆಡಳಿತ ಭವನದ ಇಪಿಎಬಿಎಕ್ಸ್ ಕೋಣೆಗೆ, ಎಂದರೆ ಕ್ಯಾಂಪಸ್ಸಿನ ಒಳ ಎಕ್ಸ್‌ಚೇಂಜಿಗೆ, ಹೋಗಬೇಕು. ಅದು ಸಾಮಾನ್ಯವಾಗಿ ಮೆಟ್ಟಿಲ ಕೆಳಗೋ ನೆಲಮಹಡಿಯ ಕೊನೆಯಲ್ಲೋ ಇರುತ್ತದೆ. ಗೋಡೆಗೆ ಹಲಗೆ, ಹಲಗೆಯ ತುಂಬ ಬಿಳಿಯ ಕ್ರೋನ್ ಪಟ್ಟಿಗಳು, ಒಂದೊಂದು ಸೀಳಿನಲ್ಲಿ ಸಿಕ್ಕಿಸಿದ ಒಂದೊಂದು ಜೊತೆ ತಂತಿ. ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿಟ್ಟ ಗುರುತುಗಳು: ‘ಕನ್ನಡ ವಿಭಾಗ’, ‘ಟಪಾಲು’, ‘ಹಾಸ್ಟೆಲ್ ಗೇಟ್’. ಕೆಲವು ಹೆಸರುಗಳನ್ನು ಹೊಡೆದು ಮೇಲೆ ಬೇರೆ ಬರೆದಿರುತ್ತಾರೆ. ಮೂಲೆಯಲ್ಲಿ ಬ್ಯಾಟರಿಗಳ ಸಾಲು. ಆ ಬ್ಯಾಟರಿಯ 48 ವೋಲ್ಟ್ ವಿದ್ಯುತ್ತು ಮಾತು ಸಾಗುವ ತಂತಿಯಲ್ಲೇ ಸಾಗಿ ಪ್ರತಿ ಮೇಜಿನ ಫೋನಿಗೂ ಮುಟ್ಟುತ್ತಿತ್ತು. ಅದಕ್ಕೇ ಕರೆಂಟ್ ಹೋದರೂ ಫೋನಿನಲ್ಲಿ ಜೀವ ಇರುತ್ತಿತ್ತು.

ಇಂಥ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಒಳ್ಳೆಯ ಪಾಲಿದೆ. ನಮ್ಮ ಕಚೇರಿಗಳ ಭಾರವಾದ ಕಪ್ಪು ಫೋನುಗಳನ್ನು ಮಾಡಿದ್ದು 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ ಕಾರ್ಖಾನೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ 128 ಲೈನಿನ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಮಾಡಿ ತೋರಿಸಿದ್ದು ಕಿತ್ತೂರಿನಲ್ಲಿ. ಎಸಿ ಬೇಡ, ಧೂಳಿಗೂ ಸೆಕೆಗೂ ಜಗ್ಗುವುದಿಲ್ಲ ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು. ಈಗ ಅದರ ಜಾಗಕ್ಕೆ ಬರುವ ಸರ್ವರ್‌ಗಳಿಗೆ ಎಸಿ ಇಲ್ಲದೆ ನಡೆಯುವುದಿಲ್ಲ.

ಹಳೆಯದನ್ನು ಹೊಗಳಿ ಹೊಸದಕ್ಕೆ ಮೂಗು ಮುರಿಯುವ ಉದ್ದೇಶ ನನಗಿಲ್ಲ. ಆ ಕಪ್ಪು ಫೋನಿನ ಕಾಲದಲ್ಲಿ ಫೋನೆಂದರೆ ದರ್ಜೆ. ಕುಲಪತಿಗಳಿಗೆ ಡೈರೆಕ್ಟ್ ಲೈನ್, ಪ್ರಾಧ್ಯಾಪಕರಿಗೆ ಎಕ್ಸ್‌ಟೆನ್ಷನ್, ಗುಮಾಸ್ತರಿಗೆ ಪಕ್ಕದ ಮೇಜಿನವರ ದಾಕ್ಷಿಣ್ಯ. ಎಸ್‌ಟಿಡಿ ಸೌಲಭ್ಯ ಬೇಕೆಂದರೆ ಅದಕ್ಕೊಂದು ಅರ್ಜಿ, ಅರ್ಜಿಗೊಂದು ಕಡತ. ಡಯಲ್‌ನ ತೂತಿಗೆ ಪುಟ್ಟ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಹೋಗುತ್ತಿದ್ದ ಮುಖ್ಯಸ್ಥರನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಕಂಪ್ಯೂಟರ್ ಜಾಲದ ಮೇಲೆ ನಡೆಯುವ ಐಪಿ ಫೋನ್ ಈ ಏಣಿಶ್ರೇಣಿಯನ್ನು ಒಂದೇ ಏಟಿಗೆ ಕೆಡವಬಲ್ಲದು. (ಕೆಡವುತ್ತದೆಯೇ ಎಂಬುದು ಬೇರೆ ಮಾತು. ಬಣ್ಣದ ಪರದೆಯ ಫೋನ್ ಯಾರಿಗೆ, ಸಾದಾ ಪರದೆಯದು ಯಾರಿಗೆ ಎಂದು ಟೆಂಡರಿನಲ್ಲೇ ತೀರ್ಮಾನವಾಗಿರುತ್ತದೆ.)

ದುಡ್ಡಿನ ಲೆಕ್ಕದಲ್ಲೂ ಹೊಸದೇ ಗೆಲ್ಲುತ್ತದೆ. ಇದಕ್ಕೆ ಅಮೆರಿಕದ ಹ್ಯಾನೋವರ್ ಊರಿನ ಡಾರ್ಟ್‌ಮತ್ ಕಾಲೇಜು ಹಳೆಯ ಸಾಕ್ಷಿ. ವಿದ್ಯಾರ್ಥಿಗಳ ದೂರದ ಕರೆಗಳಿಗೆ ಬಿಲ್ ಮಾಡಿ ವಸೂಲು ಮಾಡುವ ಖರ್ಚು ಕರೆಯ ಖರ್ಚಿಗಿಂತ ಹೆಚ್ಚಾಗುತ್ತಿದೆ ಎಂಬುದು ಆ ಕಾಲೇಜಿನ ಗಮನಕ್ಕೆ ಬಂತು. ಬಿಲ್ ಹಾಕುವುದನ್ನೇ ನಿಲ್ಲಿಸಿತು. 2003ರಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಕಂಪ್ಯೂಟರಿನಿಂದಲೇ ಕರೆ ಮಾಡುವ ಸಾಫ್ಟ್‌ವೇರ್ ಕೊಟ್ಟು, ಕ್ಯಾಂಪಸ್ಸಿನ ವೈಫೈ ಮೇಲೆ ಮಾತು ಹರಿಸಿತು. ಅದೇ ಕಾಲೇಜಿನಲ್ಲಿ 1940ರ ಸೆಪ್ಟೆಂಬರಿನಲ್ಲಿ ಜಾರ್ಜ್ ಸ್ಟಿಬಿಟ್ಜ್ ಎಂಬ ಗಣಿತಜ್ಞ ಒಂದು ಟೆಲಿಟೈಪ್ ಯಂತ್ರ ಇಟ್ಟು, ನ್ಯೂಯಾರ್ಕಿನಲ್ಲಿದ್ದ ಲೆಕ್ಕದ ಯಂತ್ರಕ್ಕೆ ಫೋನಿನ ತಂತಿಯ ಮೂಲಕ ಗಣಿತದ ಪ್ರಶ್ನೆ ಕಳಿಸಿ ಉತ್ತರ ತರಿಸಿದ್ದ. ಅಂದು ಫೋನಿನ ತಂತಿಯ ಮೇಲೆ ಕಂಪ್ಯೂಟರ್ ಸವಾರಿ ಮಾಡಿತು. ಅರವತ್ತು ಚಿಲ್ಲರೆ ವರ್ಷಗಳ ಮೇಲೆ ಅದೇ ಊರಿನಲ್ಲಿ ಕಂಪ್ಯೂಟರಿನ ಜಾಲದ ಮೇಲೆ ಫೋನ್ ಕೂತಿತು.

ತಾಂತ್ರಿಕವಾಗಿ ಇದು ಅಷ್ಟೇನೂ ಭಾರದ ಸವಾರಿಯಲ್ಲ. ಮಾತನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿಗೂ ವಿಳಾಸ ಹಚ್ಚಿ ಕಳಿಸುತ್ತಾರೆ. ಒಂದು ಕರೆಗೆ ಒಂದೊಂದು ದಿಕ್ಕಿನಲ್ಲಿ ಸೆಕೆಂಡಿಗೆ 90 ಕಿಲೋಬಿಟ್ ಇದ್ದರೆ ಸಾಕು. ನೂರು ಜನ ಒಟ್ಟಿಗೆ ಮಾತಾಡಿದರೂ 10 ಮೆಗಾಬಿಟ್ ದಾಟುವುದಿಲ್ಲ. ತೊಂದರೆ ಬರುವುದು ತುಣುಕುಗಳು ತಡವಾದಾಗ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ಮುಟ್ಟಲು 150 ಮಿಲಿಸೆಕೆಂಡ್‌ಗಿಂತ ಬಹಳ ಹೆಚ್ಚು ಹಿಡಿದರೆ ಇಬ್ಬರೂ ಒಟ್ಟಿಗೆ ಮಾತಾಡಲು ಶುರುಮಾಡುತ್ತಾರೆ, ಇಬ್ಬರೂ ನಿಲ್ಲಿಸುತ್ತಾರೆ, ‘ಹೇಳಿ ಹೇಳಿ’, ‘ಇಲ್ಲ, ನೀವು ಹೇಳಿ’ ಎನ್ನುತ್ತಾರೆ. ಫಲಿತಾಂಶ ಬರುವ ದಿನ ಇಡೀ ಕ್ಯಾಂಪಸ್ಸು ಒಂದೇ ವೆಬ್‌ಸೈಟಿಗೆ ಮುಗಿಬಿದ್ದಾಗ ಮಾತಿನ ತುಣುಕುಗಳಿಗೆ ಮೊದಲ ದಾರಿ ಬಿಡುವಂತೆ ಸ್ವಿಚ್ಚುಗಳಿಗೆ ಹೇಳಿಡಬೇಕು. ಗೊತ್ತಿರುವ ಎಂಜಿನಿಯರಿಗೆ ಇದು ದೊಡ್ಡ ಕೆಲಸವಲ್ಲ.

ಕರೆಂಟಿನ ಮಾತು ಹಾಗಲ್ಲ. ಐಪಿ ಫೋನಿಗೂ ವಿದ್ಯುತ್ತು ನೆಟ್‌ವರ್ಕ್ ಕೇಬಲಿನಲ್ಲೇ ಬರುತ್ತದೆ, ನಿಜ. ಆದರೆ ಅದು ಹೊರಡುವುದು ಆಯಾ ಮಹಡಿಯ ಸ್ವಿಚ್ಚಿನಿಂದ. ಮೊದಲು ಒಂದು ಕೋಣೆಯ ಬ್ಯಾಟರಿ ನೋಡಿಕೊಂಡರೆ ಮುಗಿಯಿತು; ಈಗ ಕಟ್ಟಡ ಕಟ್ಟಡಕ್ಕೆ, ಮಹಡಿ ಮಹಡಿಗೆ ಯುಪಿಎಸ್. ಕೊಳ್ಳುವಾಗ ಎಲ್ಲವೂ ಹೊಸದು. ನಿರ್ವಹಣೆಯ ಒಪ್ಪಂದ (ಎಎಂಸಿ) ಮುಗಿದ ವರ್ಷ ನವೀಕರಣದ ಕಡತ ಹಣಕಾಸು ಅಧಿಕಾರಿಯ ಮೇಜಿನ ಮೇಲೆ ಕೂರುತ್ತದೆ, ಬ್ಯಾಟರಿ ಊದಿಕೊಳ್ಳುತ್ತದೆ, ಮಳೆಗಾಲದ ಮೊದಲ ಗುಡುಗಿಗೆ ಇಡೀ ಮಹಡಿ ಮೂಕ. ಇದು ನಮ್ಮಲ್ಲಿ ಮಾತ್ರದ ಚಿಂತೆಯಲ್ಲ. ಬ್ರಿಟನ್ ತನ್ನ ಇಡೀ ದೇಶದ ತಾಮ್ರದ ತಂತಿಯ ಫೋನನ್ನು 2025ರ ಡಿಸೆಂಬರಿಗೆ ನಿಲ್ಲಿಸುವುದಾಗಿ ಹೇಳಿ, ಆಮೇಲೆ ಗಡುವನ್ನು 2027ರ ಜನವರಿಗೆ ಮುಂದೂಡಿತು. ಒಂಟಿಯಾಗಿರುವ ವೃದ್ಧರು ಬಿದ್ದರೆ ಒತ್ತುವ ಅಲಾರಾಂ ಗುಂಡಿಗಳು ಆ ತಂತಿಯನ್ನೇ ನಂಬಿದ್ದವು. ಲಿಫ್ಟಿನೊಳಗಿನ ಫೋನು, ಬೆಂಕಿ ಅಲಾರಾಂ, ಹಳೆಯ ಫ್ಯಾಕ್ಸ್ ಯಂತ್ರ ಇವೂ ಅದೇ ಸಾಲಿನವು. ವಿಶ್ವವಿದ್ಯಾಲಯದಲ್ಲಿ ಇಂಥವು ಎಷ್ಟಿವೆ ಎಂಬುದು ತಂತಿ ಕಿತ್ತ ಮೇಲೆ ಗೊತ್ತಾಗುತ್ತದೆ.

ಇಷ್ಟೆಲ್ಲ ಸರಿಮಾಡಿಕೊಂಡರೂ, ನಂಬರು ಕೊಠಡಿಯಿಂದ ವ್ಯಕ್ತಿಗೆ ವರ್ಗವಾದದ್ದರ ಪರಿಣಾಮ ಉಳಿಯುತ್ತದೆ.

ಪರೀಕ್ಷಾ ವಿಭಾಗವನ್ನೇ ತೆಗೆದುಕೊಳ್ಳಿ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಹುಡುಗಿಗೆ ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾಗಿ ಬಂದಿದೆ. ಬಿ.ಇಡಿ.ಗೆ ಸೇರಲು ಕೊನೆಯ ದಿನ ಹತ್ತಿರವಿದೆ. ಅವಳ ಕೈಯಲ್ಲಿರುವುದು ಹಳೆಯ ಅಂಕಪಟ್ಟಿಯ ಲಕೋಟೆಯ ಮೇಲಿನ ಒಂದು ನಂಬರು. ಹಳೆಯ ವ್ಯವಸ್ಥೆಯಲ್ಲಿ ಫೋನ್ ಮಾಡಿದರೆ ಹತ್ತು ಸಲ ಹೊಡೆದುಕೊಳ್ಳುತ್ತಿತ್ತು, ಕೊನೆಗೆ ಆ ಕೊಠಡಿಯಲ್ಲಿ ಯಾರಿದ್ದಾರೋ ಅವರು ಎತ್ತುತ್ತಿದ್ದರು. ಎತ್ತಿದವರು ಸಂಬಂಧಪಟ್ಟ ಗುಮಾಸ್ತರಲ್ಲದಿರಬಹುದು, ಸಿಡುಕಿರಲೂಬಹುದು. ‘ಮೇಡಂ ಊಟಕ್ಕೆ ಹೋಗ್ಯಾರ, ಮೂರಕ್ಕ ಮಾಡ್ರಿ’ ಎನ್ನುವಷ್ಟಾದರೂ ಮಾತು ಸಿಗುತ್ತಿತ್ತು. ಆ ಗದ್ದಲದ ಕೊಠಡಿಗೆ ಒಂದು ಹೊಣೆ ಇತ್ತು: ಹೊಡೆದುಕೊಳ್ಳುವ ಫೋನನ್ನು ಯಾರೂ ಎತ್ತದೆ ಇದ್ದರೆ ಅಲ್ಲಿದ್ದವರೆಲ್ಲರ ತಲೆ ಕೆಡುತ್ತಿತ್ತು.

ಈಗ ಆ ನಂಬರು ಒಬ್ಬರ ಲಾಗಿನ್ನಿನ ಹಿಂದೆ ಇದೆ. ಅವರಿಗೆ ಬೇರೆ ವಿಭಾಗಕ್ಕೆ ನಿಯೋಜನೆಯಾದರೆ ನಂಬರೂ ಅವರ ಜತೆ ಹೋಗುತ್ತದೆ. ನಿವೃತ್ತರಾದರೆ ಖಾತೆ ಮುಚ್ಚುತ್ತದೆ. ರಜೆಯಲ್ಲಿದ್ದರೆ ಕರೆ ವಾಯ್ಸ್‌ಮೇಲಿಗೆ ಹೋಗುತ್ತದೆ, ಅದು ಸಂದೇಶ ಬಿಡಲು ಇಂಗ್ಲಿಷಿನಲ್ಲಿ ಹೇಳುತ್ತದೆ. ನಮ್ಮ ಜನ ಮಿಸ್ಡ್ ಕಾಲ್ ಕೊಡುತ್ತಾರೆ, ವಾಟ್ಸ್ಆ್ಯಪಿನಲ್ಲಿ ಧ್ವನಿ ಕಳಿಸುತ್ತಾರೆ, ಆದರೆ ಬೀಪ್ ಶಬ್ದದ ಮುಂದೆ ಮಾತಾಡುವ ಅಭ್ಯಾಸ ಯಾವತ್ತೂ ಆಗಲಿಲ್ಲ. ಆ ಹುಡುಗಿ ಫೋನ್ ಇಟ್ಟು ಬಸ್ಸಿನ ವೇಳೆ ಕೇಳುತ್ತಾಳೆ. ಒಂದು ದಿನ, ಹೋಗಿಬರುವ ಚಾರ್ಜು, ಜತೆಗೆ ಬರುವ ಅಣ್ಣನ ಒಂದು ದಿನದ ಕೂಲಿ. ಹೊಸ ವ್ಯವಸ್ಥೆಯ ಉಳಿತಾಯದ ಪಟ್ಟಿಯಲ್ಲಿ ಈ ಖರ್ಚಿಗೆ ಕಾಲಂ ಇಲ್ಲ.

ಇದಕ್ಕೆ ಪರಿಹಾರವೂ ಅದೇ ವ್ಯವಸ್ಥೆಯಲ್ಲಿದೆ. ಒಂದು ವಿಭಾಗದ ನಂಬರನ್ನು ಯಾರ ಹೆಸರಿಗೂ ಕಟ್ಟದೆ, ಏಳೆಂಟು ಫೋನುಗಳಲ್ಲಿ ಒಟ್ಟಿಗೆ ಅಥವಾ ಸರದಿಯಂತೆ ಹೊಡೆದುಕೊಳ್ಳುವ ಹಾಗೆ ಮಾಡಬಹುದು. ಎಷ್ಟು ಕರೆ ಬಂತು, ಎಷ್ಟನ್ನು ಎತ್ತಲಿಲ್ಲ ಎಂದು ಕುಲಸಚಿವರ ಮೇಜಿಗೆ ದಿನವೂ ಲೆಕ್ಕ ತರಿಸಬಹುದು. ಹಳೆಯ ಫೋನಿಗೆ ಈ ಶಕ್ತಿ ಇರಲೇ ಇಲ್ಲ. ಆದರೆ ಕೇಳಿದವರಿಗೆ ಮಾತ್ರ ಕಂಪನಿ ಅದನ್ನು ಹೊಂದಿಸಿಕೊಡುತ್ತದೆ, ಮತ್ತು ಎತ್ತದ ಕರೆಗಳ ಲೆಕ್ಕವನ್ನು ಕೇಳಿ ಪಡೆಯುವ ಉತ್ಸಾಹ ನಮ್ಮ ಕಚೇರಿಗಳಲ್ಲಿ ಸಹಜವಾಗಿಯೇ ಕಡಿಮೆ.

ಇನ್ನೊಂದು ಗುಂಪು ಇದೆ. ಅತಿಥಿ ಉಪನ್ಯಾಸಕರು, ಹೊರಗುತ್ತಿಗೆಯ ಡೇಟಾ ಎಂಟ್ರಿಯವರು, ಭದ್ರತಾ ಸಿಬ್ಬಂದಿ. ಇಂಥ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಲೈಸೆನ್ಸಿನ ಲೆಕ್ಕ ತಲೆಗಿಷ್ಟು. ಲೈಸೆನ್ಸು ಕಾಯಂ ಸಿಬ್ಬಂದಿಯ ಪಟ್ಟಿ ನೋಡಿ ಕೊಳ್ಳುವಂಥದ್ದು, ವಿಭಾಗ ನಡೆಯುವುದು ಪಟ್ಟಿಯಲ್ಲಿಲ್ಲದವರಿಂದ. ಕೊಠಡಿಯ ಫೋನ್ ಇದ್ದಾಗ ಅತಿಥಿ ಉಪನ್ಯಾಸಕರಿಗೂ ಅದು ಫೋನೇ ಆಗಿತ್ತು. ಕುರ್ಚಿಯಲ್ಲಿ ಕೂತವರು ಕಾಯಮ್ಮೋ ಹಂಗಾಮಿಯೋ ಎಂದು ಅದು ಕೇಳುತ್ತಿರಲಿಲ್ಲ. ಈಗ ಲಾಗಿನ್ ಇಲ್ಲದವರು ವಿಶ್ವವಿದ್ಯಾಲಯದ ಕೆಲಸಕ್ಕೆ ಸ್ವಂತ ಮೊಬೈಲು, ಸ್ವಂತ ರೀಚಾರ್ಜು ಬಳಸುತ್ತಾರೆ. ಲಾಗಿನ್ ಇದ್ದವರ ಕಷ್ಟ ತಿರುಗುಮುರುಗು: ಆ್ಯಪು ಜೇಬಿನಲ್ಲೇ ಇರುವುದರಿಂದ ಡೀನರು ರಾತ್ರಿ ಒಂಬತ್ತಕ್ಕೂ ಕಚೇರಿಯ ನಂಬರಿನಿಂದಲೇ ಕರೆಯುತ್ತಾರೆ.

ನಂಬರಿಗೂ ಜಾಗಕ್ಕೂ ಇರುವ ನಂಟು ಪ್ರಾಣದ ಪ್ರಶ್ನೆಯಾಗುವ ಸಂದರ್ಭವೂ ಇದೆ. 2013ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸಿನ ಮಾರ್ಷಲ್ ಎಂಬ ಊರಿನ ಮೋಟೆಲಿನಲ್ಲಿ ಒಬ್ಬ ಮಹಿಳೆಯ ಮೇಲೆ ಆಕೆಯಿಂದ ದೂರವಾಗಿದ್ದ ಗಂಡ ಹಲ್ಲೆ ಮಾಡಿದ. ಕೋಣೆಯಲ್ಲಿದ್ದ ಒಂಬತ್ತು ವರ್ಷದ ಮಗಳು, ಹೇಳಿಕೊಟ್ಟಿದ್ದಂತೆಯೇ, ಅಲ್ಲಿಯ ತುರ್ತು ಸಂಖ್ಯೆ 911 ಒತ್ತಿದಳು. ನಾಲ್ಕು ಸಲ ಒತ್ತಿದಳು. ಕರೆ ಹೋಗಲಿಲ್ಲ. ಆ ಮೋಟೆಲಿನಲ್ಲಿ ಹೊರಗಿನ ಲೈನಿಗೆ ಮೊದಲು 9 ಒತ್ತಬೇಕಿತ್ತು. ತಾಯಿ ಉಳಿಯಲಿಲ್ಲ. ಆಕೆಯ ತಂದೆ ವರ್ಷಗಟ್ಟಲೆ ಓಡಾಡಿದ ಮೇಲೆ ಆಕೆಯ ಹೆಸರಿನಲ್ಲೇ ಕ್ಯಾರಿ ಕಾನೂನು 2018ರಲ್ಲಿ ಬಂತು. ಹೋಟೆಲು, ಕಚೇರಿ, ಕ್ಯಾಂಪಸ್ಸುಗಳ ಫೋನ್ ವ್ಯವಸ್ಥೆಯಲ್ಲಿ ಮುಂದೆ ಯಾವ ಅಂಕಿಯೂ ಇಲ್ಲದೆ ನೇರವಾಗಿ ತುರ್ತು ಸಂಖ್ಯೆ ಹೋಗಬೇಕು, ಹೋದಾಗ ಅಲ್ಲಿಯ ಹೊಣೆಗಾರರಿಗೂ ತಿಳಿಯಬೇಕು ಎಂದು ಅದು ಹೇಳುತ್ತದೆ. ಜತೆಯ ಇನ್ನೊಂದು ಕಾಯ್ದೆಯ ಪ್ರಕಾರ 2021ರ ಜನವರಿಯಿಂದ ಕರೆಯೊಂದಿಗೆ ಕಟ್ಟಡ, ಮಹಡಿ, ಕೊಠಡಿಯಂಥ ವಿವರವೂ ಹೋಗಬೇಕು.

ತಾಮ್ರದ ತಂತಿಗೆ ಒಂದು ತುದಿ ಇತ್ತು. ಅದು ಎಲ್ಲಿದೆ ಎಂಬುದು ಕ್ರೋನ್ ಪಟ್ಟಿಯ ಪಕ್ಕದ ಪೆನ್ಸಿಲ್ ಬರಹದಲ್ಲಿತ್ತು. ಐಪಿ ಫೋನನ್ನು ಕಿತ್ತು ಪಕ್ಕದ ಕಟ್ಟಡದಲ್ಲಿ ಸಿಕ್ಕಿಸಿದರೂ ಅದೇ ನಂಬರಿನಲ್ಲಿ ಕೆಲಸ ಮಾಡುತ್ತದೆ, ಹಳೆಯ ಕೊಠಡಿಯ ವಿಳಾಸ ಹೊತ್ತುಕೊಂಡೇ. ನಮ್ಮ ಎಷ್ಟೋ ಕ್ಯಾಂಪಸ್ಸುಗಳಲ್ಲಿ ಹೊರಗಿನ ಲೈನಿಗೆ ಈಗಲೂ ಸೊನ್ನೆ ಒತ್ತಬೇಕು. ಹಾಸ್ಟೆಲ್ಲಿನ, ಪ್ರಯೋಗಾಲಯದ, ಗ್ರಂಥಾಲಯದ ಹಿಂಬಾಗಿಲ ಫೋನಿನಿಂದ 112 ಒತ್ತಿದರೆ ಎಲ್ಲಿಗೆ ಹೋಗುತ್ತದೆ ಎಂದು ಉದ್ಘಾಟನೆಗೆ ಮೊದಲು ಒಮ್ಮೆ ಒತ್ತಿ ನೋಡುವುದಕ್ಕೆ ಟೆಂಡರು ಬೇಕಿಲ್ಲ. ಪೊಲೀಸರಿಗೆ ಮೊದಲೇ ತಿಳಿಸಿದ್ದರೆ ಸಾಕು.

ಎಲ್ಲ ಫೋನೂ ಗೋಡೆಗೇ ಅಂಟಿರಲಿ ಎಂದಲ್ಲ. ಪ್ರಾಧ್ಯಾಪಕರ ನಂಬರು ಅವರ ಜತೆ ಓಡಾಡಲಿ, ಅದರಿಂದ ಯಾರಿಗೂ ನಷ್ಟವಿಲ್ಲ. ಪರೀಕ್ಷಾ ವಿಭಾಗ, ವಿದ್ಯಾರ್ಥಿವೇತನ, ಆರೋಗ್ಯ ಕೇಂದ್ರ, ಹಾಸ್ಟೆಲ್, ಗೇಟು, ಲಿಫ್ಟು: ಇವುಗಳ ನಂಬರು ಮಾತ್ರ ಜಾಗಕ್ಕೇ ಇರಬೇಕು, ಹಳೆಯ ಅಂಕಿಯಲ್ಲೇ ಇರಬೇಕು. ಲಕೋಟೆಯ ಮೇಲೆ ಅಚ್ಚಾಗಿರುವುದನ್ನು ನಂಬಿಕೊಂಡು ಊರೂರಿನಲ್ಲಿ ಜನ ಇದ್ದಾರೆ.

ಯಾವ ಫೋನ್ ದಿನವಿಡೀ ಹೊಡೆದುಕೊಳ್ಳುತ್ತದೆ, ಯಾವುದನ್ನು ಯಾರು ಎತ್ತುತ್ತಾರೆ, ಯಾವುದು ಎಂಟು ವರ್ಷದಿಂದ ಬೀರುವಿನ ಹಿಂದೆ ಬಿದ್ದಿದೆ ಎಂಬ ಪಟ್ಟಿ ಕಂಪ್ಯೂಟರ್ ಸೆಂಟರಿನಲ್ಲಿ ಸಿಗುವುದಿಲ್ಲ. ಕಾರಿಡಾರಿನಲ್ಲಿ ಮೂವತ್ತು ವರ್ಷ ಕಡತ ಹೊತ್ತ ಅಟೆಂಡರಿಗೆ ಅದು ಬಾಯಿಪಾಠ. ಫೋನ್ ಕಂಪನಿಯವರು ಪ್ರೊಜೆಕ್ಟರ್ ಹಾಕಿ ನಡೆಸುವ ಸಭೆಗೆ ಅವರನ್ನು ಕರೆದು ಕುರ್ಚಿ ಕೊಟ್ಟದ್ದನ್ನು ಮಾತ್ರ ನಾನು ಎಲ್ಲೂ ಕೇಳಿಲ್ಲ.